ಓಮಾನಿನ ಅತಿಥಿಗಳು

ಸಂಪ್ರದಾಯನಿಷ್ಠವಾದ ಮುಸ್ಲಿಂ ದೇಶಕ್ಕೆ ಪ್ರವಾಸಿಗಳು ಬಂದರೆ ಅಲ್ಲಿಯ ಆಚಾರ ಕೆಡುವುದೆಂದು ಹಲವರು ಶಂಕಿಸುವರು. ಓಮಾನನ್ನು ಕಂಡರೆ ನಮಗೆ ಹಾಗೆನಿಸದು. ಅಲ್ಲಿಯ ಮಿಸ್ಫಾತ್ ಎಂಬ ಬೆಟ್ಟದೂರಿನಲ್ಲಿ ಊರವರೇ ತಮ್ಮ ಹಳೆಯ ಕಲ್ಲುಮಣ್ಣಿನ ಮನೆಗಳನ್ನು ತಂಗುದಾಣಗಳನ್ನಾಗಿಸಿದ್ದಾರೆ. ಮೈತುಂಬ ಉಡುಪು ಧರಿಸಬೇಕೆಂದು ಬಂದವರನ್ನು ಕೇಳಿಕೊಳ್ಳುತ್ತಾರೆ. ಖರ್ಜೂರದ ತೋಟಗಳಿಗೆ ಫಲಜ್ ಕಾಲುವೆಯ ನೀರು ಸರದಿಯಂತೆ ಇಂದಿಗೂ ಹರಿಯುತ್ತಿದೆ. ಅತಿಥಿಯು ಮನೆಯ ಮರ್ಯಾದೆಗೆ ತಕ್ಕಂತೆ ನಡೆದುಕೊಂಡರೆ ಯಾರಿಗೆ ನಷ್ಟ?

ನಮ್ಮ ಅಂಜಿಕೆ ಬೇರೆಯದು. ಓರಿಕ್ಸ್ ಎಂಬ ಬಿಳಿಯ ಹುಲ್ಲೆಗಳ ಅಭಯಾರಣ್ಯವೊಂದು 1994ರಲ್ಲಿ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿತ್ತು. ಕಳ್ಳಬೇಟೆಯಿಂದ 450 ಹುಲ್ಲೆಗಳು 65ಕ್ಕೆ ಇಳಿದವು. ತೈಲಶೋಧನೆಯ ಆಸೆಯಿಂದ ಸರಕಾರವೇ ಅದರ ವಿಸ್ತಾರವನ್ನು ನೂರಕ್ಕೆ ತೊಂಬತ್ತರಷ್ಟು ಕುಗ್ಗಿಸಿತು. 2007ರಲ್ಲಿ ಅದು ಪಟ್ಟಿಯಿಂದ ಹೊರಬಿದ್ದಿತು. ಹಾಗೆ ಹೊರಬಿದ್ದ ಮೊದಲ ತಾಣವದು. ಎಣ್ಣೆ ತೀರಿದ ಮೇಲೆ ಪ್ರವಾಸಿಗೆ ತೋರಿಸಬೇಕಾದ ಸಂಪತ್ತನ್ನು ಎಣ್ಣೆಗಾಗಿಯೇ ಬಿಟ್ಟುಕೊಟ್ಟದ್ದು ನಮಗೆ ಸರಿದೋರದು.