ಉಳಿತಾಯವು ಯಾರ ಎಲೆಯಿಂದ?

ಮನೆಯ ವೆಚ್ಚವು ಆದಾಯವನ್ನು ಮೀರಿತೆಂದರೆ ನಮ್ಮ ಗೃಹಸ್ಥರ ದೃಷ್ಟಿಯು ಮೊದಲು ಅಡಿಗೆಮನೆಯ ಮೇಲೆ ಬೀಳುತ್ತದೆ. ಹಾಲು ಅರ್ಧ ಲೀಟರು ಕಡಿಮೆಯಾಗಲಿ, ಬೇಳೆಯ ಸಾರು ತಿಳಿಯಾಗಲಿ ಎಂದು ಅಪ್ಪಣೆಯಾಗುತ್ತದೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಗೃಹಿಣಿಯ ಎಲೆಯಲ್ಲಿ ಆ ಕೊರತೆಯೆಲ್ಲ ಬಂದು ಸೇರುತ್ತದೆ. ಇದನ್ನು ಮಿತವ್ಯಯವೆಂದು ಕರೆಯಲು ನಾವು ಸಿದ್ಧರಿಲ್ಲ, ಇದು ಅರೆಹೊಟ್ಟೆ.

ಚೀಲದ ತೂತು ಬೇರೆಡೆಯಲ್ಲಿದೆ. ಹೋಟೆಲಿನ ಚಹಾಕ್ಕೆ ದಿನಕ್ಕೆ 30 ರೂಪಾಯಿಯಂತೆ ತೆರುವವನು ವರ್ಷಕ್ಕೆ 10,950 ರೂಪಾಯಿ ತೆತ್ತಿರುತ್ತಾನೆ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯು ಅಲ್ಪವೆಂದು ತೋರಬಹುದು. ವರ್ಷಕ್ಕೆ ಅದು 36 ಆಗುತ್ತದೆ. ಮದುವೆಯ ಆಡಂಬರಕ್ಕೆಂದು ತಂದ ಇಂಥ ಸಾಲವು ಎಷ್ಟು ಮನೆಗಳ ಮಕ್ಕಳ ಹಾಲನ್ನು ಕುಡಿದಿಲ್ಲ! 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ 5 ತಾಸು ಉರಿದರೆ 30 ದಿನಕ್ಕೆ 9 ಯೂನಿಟ್ಟು ವಿದ್ಯುತ್ತು ಬೇಕು. ಸುಮಾರು ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿ ದೀಪಕ್ಕೆ ಒಂದೂವರೆ ಯೂನಿಟ್ಟೂ ಬೇಡ. ಅಡಿಗೆಮನೆಯಲ್ಲಿಯೂ ಎಲೆಗೆ ಕೈಯಿಡದೆ ಉಳಿಸುವ ದಾರಿಯುಂಟು: ಕಡಲೆಯನ್ನು ರಾತ್ರಿಯೇ ನೆನೆಯಿಟ್ಟು ಕುಕ್ಕರಿನಲ್ಲಿ ಬೇಯಿಸಿದರೆ ಗ್ಯಾಸು ಉಳಿಯುತ್ತದೆ, ರುಚಿ ಕೆಡದು.

ಆದುದರಿಂದ ನಮ್ಮ ಸೂಚನೆಯಿಷ್ಟೇ. ಯಜಮಾನನು ತನ್ನ ಕಿಸೆಯ ಖರ್ಚನ್ನೂ ಮನೆಯ ಖರ್ಚನ್ನೂ ಒಂದೇ ವಹಿಯಲ್ಲಿ ಬರೆಯಲಿ. ತಿಂಗಳ ಕೊನೆಗೆ ಗಂಡಹೆಂಡಿರಿಬ್ಬರೂ ಕೂಡಿ ಅದನ್ನು ಓದಲಿ. ಶಾಲೆಯಲ್ಲಿ ಲೆಕ್ಕ ಕಲಿಸುವ ಗುರುಗಳು ಈ ವಹಿಯನ್ನು ತಮ್ಮ ಮನೆಯಲ್ಲಿಯೇ ಮೊದಲು ತೆರೆಯಲಿ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಆ ಹಾಸಿಗೆಯಲ್ಲಿ ಮನೆಯವರೆಲ್ಲರ ಕಾಲಿಗೂ ಎಡೆಯಿರಬೇಕೆಂಬುದು ನಮ್ಮ ಮಾತು.