ಬಿರುಗಾಳಿಯ ಕಡಲು ವಿಜ್ಞಾನದ ಬೋಧನೋಪಕರಣವಾಗಲಿ

ವಿಜ್ಞಾನದ ಪಾಠಕ್ಕೆ ನಾವು ತಯಾರಿಸುವ ಚಾರ್ಟಿನಲ್ಲಿ ಅಲೆ ಎಂದರೆ ಒಂದೇ ಅಳತೆಯ ಏರಿಳಿತದ ಗೆರೆ. ಉಬ್ಬು, ತಗ್ಗು, ತರಂಗದೂರ ಎಂದು ಗುರುತು ಹಾಕಿದರೆ ಉಪಕರಣಕ್ಕೆ ಅಂಕ ಸಿಗುತ್ತದೆ. ಆ ಗೆರೆ ಬೇಕು. ಆದರೆ ಅದನ್ನು ನೋಡಿ ಪ್ರಶ್ನೆ ಕೇಳುವ ಮಕ್ಕಳು ಕಡಿಮೆ. ಬಿರುಗಾಳಿಗೆ ಸಿಕ್ಕ ಕಡಲನ್ನು ತೈಲವರ್ಣದಲ್ಲಿ ಬರೆಯಲು ಕುಳಿತರೆ ಪ್ರಶ್ನೆಗಳು ತಾವಾಗಿ ಏಳುತ್ತವೆ. ಆದ್ದರಿಂದ ವಿಜ್ಞಾನ ಪ್ರಶಿಕ್ಷಣಾರ್ಥಿಗಳೂ ಇದನ್ನು ಕೈಗೆತ್ತಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಇವಾನ್ ಐವಜೋವ್‌ಸ್ಕಿ 1850ರಲ್ಲಿ ಬರೆದ ‘ಒಂಬತ್ತನೆಯ ಅಲೆ’ಯನ್ನು ನೋಡಿ. ಮುರಿದ ಪಟಸ್ತಂಭಕ್ಕೆ ಜೋತುಬಿದ್ದ ಕೆಲವರು, ಏರಿಬರುವ ಅಲೆ, ಹಿಂದೆ ಸೂರ್ಯ. ಅಲೆಯ ಬುಡ ಕಪ್ಪಗಿದ್ದು ತುದಿ ಹಸಿರಾಗಿ ಹೊಳೆಯುವುದೇಕೆ? ತುದಿಯಲ್ಲಿ ನೀರು ತೆಳು, ಹಿಂದಿನ ಬೆಳಕು ತೂರಿಬರುತ್ತದೆ. ನೀರು ಕೆಂಪನ್ನು ಹೆಚ್ಚು ಹೀರುತ್ತದೆ. ಬಣ್ಣವಿಲ್ಲದ ನೀರಿನ ನೊರೆ ಬಿಳಿಯೇಕೆ? ಅಸಂಖ್ಯ ಗುಳ್ಳೆಗಳು ಎಲ್ಲ ಬಣ್ಣದ ಬೆಳಕನ್ನೂ ಚದುರಿಸುತ್ತವೆ. ಅಲೆ ಯಾವಾಗ ಒಡೆಯುತ್ತದೆ? ಆಳ ಕಡಲಿನಲ್ಲಿ ಅದರ ಎತ್ತರ ತರಂಗದೂರದ ಸುಮಾರು 1/7 ಭಾಗ ತಲುಪಿದಾಗ. ಅಲೆಯ ಚಲನೆಯನ್ನು ಎದುರಿಗೆ ಕುಳಿತು ಬರೆಯಲಾಗದೆಂದು ಐವಜೋವ್‌ಸ್ಕಿ ನೆನಪಿನಿಂದಲೇ ಬರೆಯುತ್ತಿದ್ದರು. ಹಾಗೆ ಬರೆಯಬೇಕಾದರೆ ಮೊದಲು ಎಷ್ಟು ನೋಡಿರಬೇಕು! ನಾವು ಪಾಠ ಯೋಜನೆಯಲ್ಲಿ ‘ವೀಕ್ಷಣಾ ಕೌಶಲ’ ಎಂದು ಬರೆಯುವುದು ಇದನ್ನೇ ಅಲ್ಲವೇ?

ಬಣ್ಣವೇ ಇನ್ನೊಂದು ಪಾಠ. ಜಲವರ್ಣ ನೀರು ಆವಿಯಾಗಿ ಒಣಗುತ್ತದೆ. ತೈಲವರ್ಣದಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ವರ್ತಿಸಿ ಗಟ್ಟಿಯಾಗುತ್ತದೆ. ಹತ್ತನೆಯ ತರಗತಿಯ ಉತ್ಕರ್ಷಣಕ್ಕೆ ಇದು ಕಮಟು ಎಣ್ಣೆಯಷ್ಟೇ ಒಳ್ಳೆಯ ಉದಾಹರಣೆ. ಉತ್ತರ ಕರ್ನಾಟಕದ ಮಕ್ಕಳಿಗೆ ಅಗಸೆಯಂತೂ ಚಟ್ನಿಪುಡಿಯಿಂದಲೇ ಪರಿಚಿತ. ಒಣಗಲು ದಿನಗಳು ಬೇಕು. ಆದ್ದರಿಂದ ಆಕಾಶ ಮತ್ತು ಕಪ್ಪು ನೀರಿನ ತೆಳು ಪದರ ಮೊದಲು, ದಪ್ಪ ನೊರೆ ಕೊನೆಗೆ. ಕೆಳಪದರದಲ್ಲಿ ಎಣ್ಣೆ ಹೆಚ್ಚಾದರೆ ಮೇಲ್ಪದರ ಬಿರುಕು ಬಿಡಬಹುದು.

ಒಂದು ಅವಧಿಯಲ್ಲಿ ಇದೆಲ್ಲ ಸಾಧ್ಯವೇ, ಖರ್ಚು ಯಾರದು ಎಂಬ ಆಕ್ಷೇಪ ನ್ಯಾಯವಾದದ್ದೇ. ತರಗತಿಯಲ್ಲಿ ತೈಲವರ್ಣ ಬೇಡ. ಪ್ರಶಿಕ್ಷಣಾರ್ಥಿ ಮನೆಯಲ್ಲಿ ಒಂದು ಚಿಕ್ಕ ಹಲಗೆಯ ಮೇಲೆ, ವಾರಕ್ಕೊಂದು ಪದರದಂತೆ ಬರೆದು ಪ್ರತಿ ಹಂತವನ್ನೂ ಮಕ್ಕಳಿಗೆ ತೋರಿಸಲಿ. ಮಕ್ಕಳು ಕ್ರೇಯಾನ್ ಹಿಡಿಯಲಿ. ಟರ್ಪೆಂಟೈನ್ ಬಳಸುವಾಗ ಕಿಟಕಿ ತೆರೆದಿರಲಿ. ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು; ಉತ್ಕರ್ಷಣದ ಶಾಖದಿಂದ ತಾನಾಗಿ ಹೊತ್ತಿಕೊಳ್ಳಬಹುದು.

ಮಾರ್ಗದರ್ಶಕರಲ್ಲಿ ಒಂದು ವಿನಂತಿ: ಉಪಕರಣದ ಅಂದಕ್ಕೆ ಕೊಡುವ ಅಂಕದಲ್ಲಿ ಅರ್ಧವನ್ನಾದರೂ, ಅದನ್ನು ನೋಡಿ ಮಕ್ಕಳು ಕೇಳಿದ ಪ್ರಶ್ನೆಗಳಿಗೆ ಮೀಸಲಿಡಿ. ಆಗ ನಮ್ಮ ಚಾರ್ಟುಗಳೂ ಬದಲಾಗುತ್ತವೆ.