ಅಡ್ಜಸ್ಟ್ ಆಗಬೇಕಾದವರು ಯಾರು?

"ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ." ಬೆಂಗಳೂರು ನಮಗೆ ಕಲಿಸಿದ ಮೊದಲ ಪಾಠ ಇದು. ನಾವೆಂದರೆ ಶೇಡಬಾಳ, ಉಗಾರ, ಕಾಗವಾಡ, ಕುಡಚಿಯ ಕೇರಿಗಳಿಂದ ಡಿಪ್ಲೊಮಾ, ಎಂಜಿನಿಯರಿಂಗು, ಬಿ.ಕಾಂ. ಓದಿ, ಇಂಟರ್ನ್‌ಶಿಪ್ ಎಂಬ ಕಡೆಯ ಹೊಸ್ತಿಲು ದಾಟಲು ಚೀಲ ಹೊತ್ತು ಹೊರಟವರು. ರಾಣಿ ಚೆನ್ನಮ್ಮ ರೈಲು ನಮ್ಮೂರ ಹಳಿ ಮ್ಯಾಲ ಹಾದು ಹೋಗತೈತಿ. ಆರು ನೂರು ಕಿಲೋಮೀಟರಿಗೂ ಮೀರಿದ ದಾರಿ. ರೈಲಿನಲ್ಲಿ ಕೂಡಲು ಜಾಗವಿಲ್ಲದಾಗ ಅಡ್ಜಸ್ಟ್ ಮಾಡಿಕೊಂಡೆವು. ಹದಿಮೂರು ಮಂದಿಗೆ ಒಂದೇ ಸಂಡಾಸ ಇದ್ದ ಪಿ.ಜಿ.ಯಲ್ಲೂ ಅದೇ ಮಾತು. ಆರು ತಿಂಗಳು ಪುಕ್ಕಟೆ ದುಡಿ ಎಂದ ಕಂಪನಿಯಲ್ಲೂ ಅದೇ ಮಾತು. ಮನೆ ಖಾಲಿಯಿದ್ದರೂ ಇಲ್ಲವೆಂದವನ ಬಾಗಿಲಲ್ಲಿ, ಜೊತೆಗೆ ಬಂದ ಗೆಳೆಯನೇ ಹೇಳಿದ: "ಬಿಡೋ ಮಾರಾಯ, ಅಡ್ಜಸ್ಟ್ ಮಾಡ್ಕೊ."

ಈ ಶಬ್ದ ಯಾವಾಗಲೂ ಮೇಲಿನಿಂದ ಕೆಳಕ್ಕೇ ಯಾಕೆ ಹರಿಯುತ್ತದೆ? ಮನೆಮಾಲೀಕನಿಗೆ, ಕಂಪನಿಯ ಸಾಹೇಬನಿಗೆ ಇದನ್ನು ಒಂದು ಸಲವಾದರೂ ಯಾರಾದರೂ ಹೇಳಿದ್ದಾರೆಯೇ?

ಹೊರಡುವ ಮುನ್ನ ನಮಗೊಂದು ಭಾಷಣವಾಗಿತ್ತು. ಹೊಸ ನಗರಕ್ಕೆ ಹೊಂದಿಕೊಳ್ಳುವುದು ಹೇಗೆ ಎಂದು. ಬೇಗ ಏಳಿ, ಹೊಸ ಗೆಳೆಯರನ್ನು ಮಾಡಿಕೊಳ್ಳಿ, ಇಂಗ್ಲಿಷ್ ಮಾತಾಡಿ, ಮನೆಯ ನೆನಪಾದರೆ ಫೋನ್ ಮಾಡಿ. ಎಲ್ಲ ಸರಿ. ಆದರೆ ಮೊದಲ ತಿಂಗಳ ಲೆಕ್ಕವನ್ನು ಯಾರೂ ಬೋರ್ಡಿನ ಮೇಲೆ ಬರೆದು ತೋರಿಸಲಿಲ್ಲ. ನಾವು ಬರೆಯುತ್ತೇವೆ. ನಮ್ಮಲ್ಲೊಬ್ಬನ ಲೆಕ್ಕ: ಪಿ.ಜಿ.ಯ ಒಂದು ಕಾಟಿಗೆ ತಿಂಗಳಿಗೆ 7,000 ರೂಪಾಯಿ, ಅಷ್ಟೇ ಅಡ್ವಾನ್ಸು, ಬಸ್ಸಿಗೆ 1,200. ಕಂಪನಿ ಕೊಟ್ಟದ್ದು ಸೊನ್ನೆ. ಕಡೆಗೆ ಒಂದು ಸರ್ಟಿಫಿಕೇಟು. ಈ ದುಡ್ಡು ಎಲ್ಲಿಂದ ಬಂತು? ಅವನವ್ವ ಕಬ್ಬಿನ ಕಳೆ ತೆಗೆದು, ರವದಿ ಬಳಿದು, ಸಾಲದ್ದಕ್ಕೆ ಮಹಿಳಾ ಸಂಘದಲ್ಲಿ ಸಾಲ ಎತ್ತಿದಳು. ವಾರವಾರ ಕಂತು. "ಮಗಾ ಕೆಲಸಕ್ಕ ಹೋಗ್ಯಾನ" ಅಂತ ಓಣಿಯೊಳಗ ಹೇಳಿಕೊಂಡ್ಲು. ಕೆಲಸಕ್ಕೆ ಹೋದ ಮಗನಿಗೆ ಆಕೆಯೇ ತಿಂಗಳಾ ಪಗಾರ ಕಳಿಸಬೇಕಾಯಿತು ಎನ್ನುವುದನ್ನು ಮಾತ್ರ ಯಾರ ಮುಂದೂ ಹೇಳಲಿಲ್ಲ.

ಸ್ವಾಮಿ, ಇದಕ್ಕೆ ತರಬೇತಿ ಅನ್ನುತ್ತೀರಿ. ನಾವು ಬಿಟ್ಟಿ ಚಾಕರಿ ಅನ್ನುತ್ತೇವೆ. ನಮ್ಮ ಅಜ್ಜಂದಿರಿಗೆ ಅದು ಗೊತ್ತಿತ್ತು. ಊರಿನ ಬಿಟ್ಟಿಗೆ ಅವರು ಹೋಗುತ್ತಿದ್ದರು. ಅವರ ಕೈಗೆ ಆಗ ಸರ್ಟಿಫಿಕೇಟು ಕೊಡುತ್ತಿರಲಿಲ್ಲ, ಅಷ್ಟೇ ಫರಕು.

ಕಾನೂನಿನ ಆಟವನ್ನೂ ನೋಡಿ. 1961ರ ಅಪ್ರೆಂಟಿಸ್ ಕಾಯ್ದೆಯ 18ನೆಯ ಕಲಮು ಅಪ್ರೆಂಟಿಸನು ಕಾರ್ಮಿಕನಲ್ಲ, ತರಬೇತಿ ಪಡೆಯುವವನು ಮಾತ್ರ ಎನ್ನುತ್ತದೆ. ಆದರೂ ಅವನಿಗೊಂದು ಕನಿಷ್ಠ ಭತ್ಯೆಯಿದೆ. 2019ರ ತಿದ್ದುಪಡಿಯಲ್ಲಿ ಅದನ್ನು ಓದಿಗೆ ತಕ್ಕಂತೆ 5,000ದಿಂದ 9,000 ರೂಪಾಯಿಯವರೆಗೆ ನಿಗದಿ ಮಾಡಿದರು. ಕಾಲೇಜು ಕಡ್ಡಾಯ ಮಾಡಿ ಕಳಿಸಿದ ನಮ್ಮಂಥ ಇಂಟರ್ನುಗಳು ಆ ಕಾಯ್ದೆಯ ದಾಖಲೆಯೊಳಗೂ ಬರಲಿಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಬಂತು. ದೇಶದ 500 ದೊಡ್ಡ ಕಂಪನಿಗಳು, ಆಗ ತಿಂಗಳಿಗೆ 5,000. ಅದರಲ್ಲಿ 4,500 ಸರ್ಕಾರದ್ದು, ಕಂಪನಿಯ ಪಾಲು 500! ಅದೂ ಪೂರ್ಣಾವಧಿ ಓದುತ್ತಿರುವವರಿಗೆ ಇರಲಿಲ್ಲ. ಅಂದರೆ ಓದುವಾಗ ಪುಕ್ಕಟೆ ದುಡಿ, ಓದಿ ಮುಗಿಸಿದ ಮೇಲೆ ಪಿ.ಜಿ. ಬಾಡಿಗೆಗೂ ಸಾಲದ್ದಕ್ಕೆ ದುಡಿ. ಅಪ್ಪನಿಗೆ ಹಣವಿದ್ದವನ ಮಗ ಈ ಆರು ತಿಂಗಳನ್ನು ಅನುಭವ ಎಂದು ಬಯೋಡೇಟಾದಲ್ಲಿ ಬರೆಯುತ್ತಾನೆ. ನಮ್ಮವನು ಎರಡನೆಯ ತಿಂಗಳಿಗೆ ಊರಿಗೆ ವಾಪಸ್ಸು ಬಂದರೆ ಅವನಿಗೆ ಹೊಂದಿಕೊಳ್ಳುವ ಗುಣವಿಲ್ಲ ಎನ್ನುತ್ತಾರೆ.

ಇನ್ನು ಮನೆಯ ಮಾತು. ಮಿರಜ, ಸಾಂಗಲಿ, ಪುಣೆಯ ಕಡೆ ಹೋದರೆ ನಮ್ಮ ಅಡ್ಡಹೆಸರೇ ಸಾಕು. ಕಾಂಬಳೆ ಎಂದ ಕೂಡಲೇ ಬಾಗಿಲು ಅರ್ಧ ಮುಚ್ಚಿಕೊಳ್ಳುತ್ತದೆ. ಮೇಲೆ "ಕಾನಡಿ" ಎಂಬ ಬಿರುದು ಬೇರೆ. ಬೆಂಗಳೂರಿನಲ್ಲಿ ಈ ಹೆಸರಿನ ಗುರುತು ಅಷ್ಟಿಲ್ಲ. ಅಲ್ಲಿ ನಮ್ಮ ಕನ್ನಡ ಕೇಳಿ ನಕ್ಕು, "ನೀವು ಮಹಾರಾಷ್ಟ್ರದವರಾ?" ಅನ್ನುತ್ತಾರೆ. (ಗಡಿಯ ಎರಡೂ ಕಡೆ ನಾವು ಆ ಕಡೆಯವರೇ!) ಆಮೇಲೆ ಪರೀಕ್ಷೆ ಸುರುವಾಗುತ್ತದೆ. ಯಾವ ಜನ? ತಂದೆ ಏನು ಮಾಡ್ತಾರೆ? ಯಾವ ಮಠಕ್ಕೆ ನಡ್ಕೋತೀರಿ? ಕಡೆಯದು: "ವೆಜ್ಜೇ ತಾನೇ?" ನಮ್ಮ ಶೇಡಬಾಳ ಜೈನರು ಬಾಳಿದ ಊರು, ಆಚಾರ್ಯ ವಿದ್ಯಾನಂದರು 1925ರಲ್ಲಿ ಹುಟ್ಟಿದ ಊರು. ಅಹಿಂಸೆಯ ಮಾತು ಸಣ್ಣವರಿದ್ದಾಗಿಂದ ನಮ್ಮ ಕಿವಿಯ ಮ್ಯಾಲ ಬಿದ್ದೈತಿ. ಯಾರ ತಾಟಿನಲ್ಲಿ ಏನಿದೆ ಎಂದು ನಾವು ಇಣುಕುವವರಲ್ಲ. ಆದರೆ ಜಾತಿ ಕೇಳಲು ನಾಚಿಕೆಯಾದಾಗ ಊಟ ಕೇಳುವ ಈ ಜಾಣತನ ನಮಗೆ ತಿಳಿಯದ್ದೇನಲ್ಲ. ರೊಟ್ಟಿ, ಶೇಂಗಾ ಹಿಂಡಿ ತಿಂದು ದಿನ ನೂಕುತ್ತಿದ್ದ ನಮ್ಮ ಹುಡುಗಿಯೊಬ್ಬಳು "ಹೌದ್ರೀ, ವೆಜ್ಜ" ಎಂದಳು. ಆಗಲೂ ಮನೆ ಸಿಗಲಿಲ್ಲ. ಜಾತಿ ಸರ್ಟಿಫಿಕೇಟು ಇದ್ದ ಫೈಲು ಆಕೆಯ ಕೈಯಲ್ಲಿತ್ತು.

1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯ 4ನೆಯ ಕಲಮಿನಲ್ಲಿ ವಾಸದ ಮನೆಯ ಮಾತೂ ಇದೆ. ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡಿದರೆ ಅಪರಾಧ. ಆದರೆ ಮಾಲೀಕ ಕಾರಣ ಹೇಳುವುದೇ ಇಲ್ಲವಲ್ಲ! "ನಿನ್ನೇನೇ ಬೇರೆಯವರಿಗೆ ಕೊಟ್ಬಿಟ್ವಿ" ಎಂದು ನಗುತ್ತಾನೆ. ಆ ನಗೆಯ ಮೇಲೆ ಯಾವ ಠಾಣೆಯಲ್ಲಿ ಫಿರ್ಯಾದಿ ಬರೆಸೋಣ?

ಅಂಬೇಡ್ಕರರು 1917ರಲ್ಲಿ ನ್ಯೂಯಾರ್ಕು, ಲಂಡನ್ನುಗಳಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ನೌಕರಿಗೆ ಹೋದರು. ಊರಿನಲ್ಲಿ ಇಳಿಯಲು ಜಾಗವಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿಗಳ ಛತ್ರವೊಂದರಲ್ಲಿ ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು ಉಳಿದರು. ಹನ್ನೊಂದನೆಯ ದಿನ ಬಡಿಗೆ ಹಿಡಿದ ಪಾರ್ಸಿಗಳ ಗುಂಪು ಬಂದು, ಸಂಜೆಯೊಳಗೆ ಖಾಲಿ ಮಾಡು ಎಂದಿತು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ, ಇಬ್ಬರೂ ಜಾರಿಕೊಂಡರು. ಸಾರ್ವಜನಿಕ ಉದ್ಯಾನದಲ್ಲಿ ಕೂತು, ರಾತ್ರಿ ರೈಲು ಹತ್ತಿ ಮುಂಬಯಿಗೆ ಮರಳಿದರು. ಅಷ್ಟು ದೊಡ್ಡ ಪದವಿಗಳನ್ನು ಪಡೆದವರಿಗೇ ಹೊಂದಿಕೊಳ್ಳುವ ಗುಣ ಕಡಿಮೆಯಿತ್ತೇನು? ಅದೇ ಅಂಬೇಡ್ಕರರು 1925ರಲ್ಲಿ ನಮ್ಮ ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತಿನಲ್ಲಿ ಮಾತಾಡಿದರು.

ನಮ್ಮ ಪಕ್ಕದ ಕೊಲ್ಲಾಪುರದಲ್ಲಿ ಒಬ್ಬ ರಾಜನಿಗೆ ಈ ಸಂಗತಿ ಶತಮಾನದ ಹಿಂದೆಯೇ ತಿಳಿದಿತ್ತು. ಶಾಹೂ ಮಹಾರಾಜರು 1902ರಲ್ಲಿ ನೂರಕ್ಕೆ ಐವತ್ತು ನೌಕರಿ ಮೀಸಲಿಟ್ಟರು. ಅದಕ್ಕೂ ಮೊದಲೇ, 1901ರಿಂದ, ಹಳ್ಳಿಯಿಂದ ಬಂದ ಮಕ್ಕಳಿಗೆ ಬೋರ್ಡಿಂಗುಗಳು ಎದ್ದವು. ಅಸ್ಪೃಶ್ಯ ವಿದ್ಯಾರ್ಥಿಗಳ ಮಿಸ್ ಕ್ಲಾರ್ಕ್ ಬೋರ್ಡಿಂಗ್ 1908ರದು. ತಲೆಯ ಮೇಲೆ ಸೂರಿಲ್ಲದವನಿಗೆ ಶಾಲೆಯ ಸೀಟು ಕೊಟ್ಟು ಏನು ಪ್ರಯೋಜನ ಎಂದು ಆ ದೊರೆ ಕಂಡುಕೊಂಡರು. ಇಂದಿನ ಪ್ರಜಾಪ್ರಭುತ್ವದ ಸರ್ಕಾರಕ್ಕೆ ಅದು ಕಾಣುವುದಿಲ್ಲ. ನಮ್ಮ ಹಾಸ್ಟೆಲ್ ಸೀಟು ಕಾಲೇಜಿನ ಊರಿನ ಗೂಟಕ್ಕೆ ಕಟ್ಟಿದ ಸೀಟು. ಇಂಟರ್ನ್‌ಶಿಪ್ಪಿಗೆ ಬೇರೆ ಊರಿಗೆ ಹೋದವನನ್ನು ಆ ಹಗ್ಗ ಹಿಂಬಾಲಿಸುವುದಿಲ್ಲ.

ಆದ್ದರಿಂದ ನಮಗೆ ಹೊಂದಾಣಿಕೆಯ ಉಪದೇಶ ಸಾಕು. ಕಾಲೇಜು ಕಡ್ಡಾಯ ಮಾಡಿದ ಪ್ರತಿ ಇಂಟರ್ನ್‌ಶಿಪ್ಪಿಗೂ ಕನಿಷ್ಠ ಕೂಲಿ ಕೊಡಲಿ. ಕೊಡದ ಕಂಪನಿಗೆ ಹುಡುಗರನ್ನು ಕಳಿಸದಿರಲಿ. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಯ ಸಮಾಜ ಕಲ್ಯಾಣ ಹಾಸ್ಟೆಲುಗಳಲ್ಲಿ ಇಂಟರ್ನುಗಳಿಗೆಂದೇ ಹಾಸಿಗೆ ಇಡಲಿ. ಇದು ಭಿಕ್ಷೆಯಲ್ಲ.

ಮುಂದಿನ ಬ್ಯಾಚಿನ ನಮ್ಮ ತಮ್ಮಂದಿರು, ತಂಗಿಯರು ಹೊರಡಲು ತಯಾರಾಗಿದ್ದಾರೆ. ಮನೆ ಕೇಳಲು ಹೋದಲ್ಲೆಲ್ಲ ಯಾವ ಬೀದಿ, ಯಾವ ತಾರೀಖು, ಏನು ಕೇಳಿದರು, ಏನು ಹೇಳಿ ಕಳಿಸಿದರು ಎಂಬುದನ್ನು ಅದೇ ದಿನ ಬರೆದಿಡಲು ಹೇಳಿದ್ದೇವೆ. ಇಬ್ಬರು ಕೂಡೇ ಹೋಗ್ರಿ, ಸಾಕ್ಷಿ ಇರಲಿ ಅಂದೇವಿ. ಕೇರಿಯ ವಾಚನಾಲಯದಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಈಗಾಗಲೇ ಮೂವತ್ತೊಂದು ಪುಟ ತುಂಬಿದೆ.